ಹಾಸಿಗೆಯ ಪಕ್ಕದ ಕುರ್ಚಿ

ಊರು ಮಾಸೂರು ಎಂದೊಡನೆ ಎದುರಿನವರು ಸರ್ವಜ್ಞನ ಮಾತು ತೆಗೆಯುತ್ತಾರೆ. ಅವನು ಹುಟ್ಟಿದ್ದು ನಮ್ಮಲ್ಲೋ ಅಬಲೂರಿನಲ್ಲೋ ಎಂಬುದನ್ನು ವಿದ್ವಾಂಸರೇ ತೀರ್ಮಾನಿಸಲಿ. ನಾನು ನೆನೆಯಬೇಕೆಂದಿರುವುದು ಡಾ. ಎಂ.ವಿ. ಗೋವಿಂದಸ್ವಾಮಿ ಅವರನ್ನು. ನಮ್ಮ ಊರಿಗೂ ಅವರಿಗೂ ನೇರ ನಂಟೇನಿಲ್ಲ. ಅವರನ್ನು ನಾನು ಕಂಡವಳೂ ಅಲ್ಲ. ಅವರು ಬೆಳೆಸಿದ ಸಂಸ್ಥೆಯಿಂದ ಹೊರಟ ಒಂದು ವಿದ್ಯೆ ನನ್ನ ಅವ್ವನವರೆಗೆ ಬಂದು ಮುಟ್ಟಿತು, ಅಷ್ಟೆ.

ಅವ್ವನಿಗೆ ಇದ್ದಕ್ಕಿದ್ದಂತೆ ಎದೆ ಹಾರುತ್ತಿತ್ತು, ಕೈಕಾಲು ತಣ್ಣಗಾಗುತ್ತಿದ್ದವು, ಇನ್ನೇನು ಜೀವ ಹೋಯಿತು ಎನ್ನುವ ಭಯ ಕವಿಯುತ್ತಿತ್ತು. ನೆರೆಹೊರೆಯವರು ಗಾಳಿ ಸೋಕಿದೆ ಎಂದರು. ಅಂತ್ರ ಕಟ್ಟಿಸಿದ್ದಾಯಿತು, ಹರಕೆ ಹೊತ್ತದ್ದಾಯಿತು. ಪಟ್ಟಣದ ವೈದ್ಯರೊಬ್ಬರು ಪರೀಕ್ಷಿಸಿ ರೋಗವೇ ಇಲ್ಲವೆಂದು ಕಳುಹಿಸಿದರು. ರೋಗವಿಲ್ಲ ಎಂಬ ಆ ಮಾತೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ಅಂದಿನಿಂದ ಮನೆಯವರ ಕಣ್ಣಿನಲ್ಲಿ ಅವಳು ನಟಿಸುವವಳಾದಳು.

ಗೋವಿಂದಸ್ವಾಮಿಯವರು ಹುಟ್ಟಿದ್ದು 1904ರಲ್ಲಿ. ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಆಗಲೇ ಅರ್ಧ ಶತಮಾನ ಮೀರಿದ ಇತಿಹಾಸವಿತ್ತು. ಡಾ. ಫ್ರಾಂಕ್ ನೊರೊನ್ಹಾ ಅವರ ಕಾಲದಲ್ಲಿ, 1925ರಲ್ಲಿ, ಅದು ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆಯಿತು. ಮುಂದಿನ ದಶಕದಲ್ಲಿ ಊರ ನಡುವಿನ ಇಕ್ಕಟ್ಟಿನಿಂದ ಈಗಿನ ಜಾಗಕ್ಕೆ ಬಂದಿತು. ನೊರೊನ್ಹಾ ಅವರ ನಂತರ ಆಸ್ಪತ್ರೆಯ ಹೊಣೆ ಹೊತ್ತವರು ಗೋವಿಂದಸ್ವಾಮಿ. ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯಲ್ಲಿಯೂ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅಡಾಲ್ಫ್ ಮೇಯರ್ ಅವರ ಬಳಿಯೂ ಅವರು ಕಲಿತು ಬಂದಿದ್ದರು. ರೋಗಿಯ ಬದುಕಿನ ಕಥೆಯನ್ನು ಬಿಟ್ಟು ರೋಗವನ್ನು ಅರಿಯಲಾಗದು ಎಂಬುದು ಮೇಯರ್ ಅವರ ನಿಲುವು. ಗೋವಿಂದಸ್ವಾಮಿಯವರ ಒಲವು ಪಶ್ಚಿಮಕ್ಕಷ್ಟೇ ಸೀಮಿತವಾಗಿರಲಿಲ್ಲ. ಭಾರತೀಯ ದರ್ಶನಗಳನ್ನೂ ಆಯುರ್ವೇದವನ್ನೂ ಮನೋವೈದ್ಯದ ದೃಷ್ಟಿಯಿಂದ ಸಂಶೋಧಿಸಬೇಕೆಂದು ಅವರು ಬರೆದರು.

ಅವರ ಬದುಕನ್ನು ಹೊಗಳಿಕೆಯಲ್ಲೇ ಮುಗಿಸುವುದು ನ್ಯಾಯವಲ್ಲ. ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು ನಮ್ಮ ದೇಶದಲ್ಲಿ ಮೊದಮೊದಲು ನಡೆಸಿದವರಲ್ಲಿ ಅವರೂ ಒಬ್ಬರು. ಆ ಕುರಿತ ಅವರ ಲೇಖನ 1944ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದು ಆ ಚಿಕಿತ್ಸೆಯನ್ನು ನೆನೆದರೆ ಮೈ ನಡುಗುತ್ತದೆ. ಪರಿಣಾಮಕಾರಿ ಔಷಧಗಳು ಇನ್ನೂ ಬಾರದಿದ್ದ, ರೋಗಿಗಳು ವರ್ಷಗಟ್ಟಲೆ ಕೋಣೆಗಳಲ್ಲಿ ಕೊಳೆಯುತ್ತಿದ್ದ ಕಾಲದ ಹತಾಶೆ ಅದರ ಹಿಂದಿತ್ತು ಎಂದು ನನ್ನ ಭಾವನೆ. ಹಾಗೆಂದು ಅದು ಸರಿಯಾಗಿತ್ತು ಎಂದು ಹೇಳಲಾರೆ.

1946ರ ಭೋರ್ ಸಮಿತಿಯ ವರದಿಯು ಮಾನಸಿಕ ಆರೋಗ್ಯಕ್ಕೆ ತರಬೇತಾದ ಸಿಬ್ಬಂದಿ ಇಲ್ಲವೆಂಬುದನ್ನು ಎತ್ತಿ ತೋರಿಸಿತ್ತು. ಆಸ್ಪತ್ರೆಯ ಆವರಣದಲ್ಲೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆಯಿತು; ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರಾದರು. ಮರುವರ್ಷ ವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ತರಬೇತಿ ಆರಂಭವಾಯಿತು. 1956ರಲ್ಲಿ ದಾದಿಯರಿಗೆಂದು ಒಂದು ವರ್ಷದ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಬಂತು. ಅದುವರೆಗೆ ಮಾನಸಿಕ ಆಸ್ಪತ್ರೆಯ ವಾರ್ಡುಗಳಲ್ಲಿ ಹೆಚ್ಚಾಗಿ ಇದ್ದವರು ಕಾವಲುಗಾರರು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವರಿಗೂ ರೋಗಿಯ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುವವರಿಗೂ ಇರುವ ಅಂತರ ಆಡಳಿತದ ಕಡತಗಳಲ್ಲಿ ಕಾಣದು. ರಾತ್ರಿ ಪಾಳಿಯಲ್ಲಿ ಕಾಣುತ್ತದೆ. ಗೋವಿಂದಸ್ವಾಮಿ 1961ರಲ್ಲಿ ತೀರಿಕೊಂಡರು. 1974ರಲ್ಲಿ ಅವರ ಸಂಸ್ಥೆಯೂ ಹಳೆಯ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು.

ನಾನು ಆ ಡಿಪ್ಲೊಮಾ ಮಾಡಿದ್ದು ಅದಾದ ಕೆಲವು ವರ್ಷಗಳಿಗೆ. ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲಾವ್ ಎಂಬ ಶುಶ್ರೂಷಕಿಯ ಹೆಸರನ್ನು ಕೇಳಿದ್ದು ಅಲ್ಲಿಯೇ. ಆಕೆ ಆತಂಕವನ್ನು ನಾಲ್ಕು ಮಟ್ಟಗಳಲ್ಲಿ ಗುರುತಿಸಿದ್ದರು: ಸೌಮ್ಯ, ಮಧ್ಯಮ, ತೀವ್ರ, ಕೊನೆಯದು ದಿಗಿಲು. ಸೌಮ್ಯ ಆತಂಕವು ಮನುಷ್ಯನನ್ನು ಎಚ್ಚರವಾಗಿಡುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿಸುವುದು ಅದೇ. ದಿಗಿಲು ಹತ್ತಿದವನಿಗೆ ಮಾತ್ರ ಉಪದೇಶ ಕೇಳಿಸುವುದೇ ಇಲ್ಲ. ಆಗ ಕಾರಣ ಕೇಳಬಾರದು, ವಾದಿಸಬಾರದು, ಒಂಟಿಯಾಗಿ ಬಿಡಬಾರದು. ಗದ್ದಲದಿಂದ ಬೇರೆಡೆಗೆ ಕರೆದೊಯ್ದು, ಚಿಕ್ಕಚಿಕ್ಕ ವಾಕ್ಯಗಳಲ್ಲಿ ಮಾತನಾಡುತ್ತ, ಉಸಿರು ನಿಧಾನವಾಗುವಂತೆ ಜೊತೆಗೆ ಉಸಿರಾಡುತ್ತ ಕೂರಬೇಕು. ಏನು, ಯಾವಾಗಿನಿಂದ ಎಂಬ ವಿಚಾರಣೆಯೆಲ್ಲ ಅಲೆ ಇಳಿದ ಮೇಲಿನದು. ಕೇಳಲು ಸುಲಭವೆನಿಸುತ್ತದೆ. ಇಪ್ಪತ್ತು ನಿಮಿಷ ಏನನ್ನೂ ಸರಿಪಡಿಸಹೋಗದೆ ಸುಮ್ಮನೆ ಇರುವುದನ್ನು ಕಲಿಯಲು ನನಗೆ ಒಂದು ವರ್ಷವೂ ಸಾಲಲಿಲ್ಲ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಜನ ಯಾವುದಾದರೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಆತಂಕ, ಖಿನ್ನತೆಯಂಥ ಸಾಮಾನ್ಯ ತೊಂದರೆಗಳುಳ್ಳ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. 2022ರಲ್ಲಿ ಟೆಲಿ-ಮಾನಸ್ ಸಹಾಯವಾಣಿ ಬಂದಿದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಒಳ್ಳೆಯದೇ. ಆದರೆ ದಿಗಿಲು ಹತ್ತಿದವರ ಕೈಯಲ್ಲಿ ಫೋನು ನಿಲ್ಲುವುದಿಲ್ಲ. ಅದನ್ನು ಒತ್ತಿಕೊಡಲು ಪಕ್ಕದಲ್ಲೊಬ್ಬರು ಬೇಕು.

ತರಬೇತಿ ಮುಗಿಸಿ ಮಾಸೂರಿಗೆ ಹೋದ ಮೊದಲ ರಜೆಯಲ್ಲೇ ಅವ್ವನಿಗೆ ನಡುರಾತ್ರಿ ಎದೆ ಹಾರಿತು. ಅಪ್ಪ ಎಂದಿನಂತೆ ಗದರಲು ಬಾಯಿ ತೆರೆದರು. ಅವರನ್ನು ಹೊರಗೆ ಕಳುಹಿಸಿದೆ. ದೀಪ ಸಣ್ಣದು ಮಾಡಿ, ಕುರ್ಚಿ ಎಳೆದುಕೊಂಡು ಅವಳ ಅಂಗೈ ಹಿಡಿದು ಕುಳಿತೆ. ಬೆವರು ಆರುವ ಹೊತ್ತಿಗೆ ಕೋಳಿ ಕೂಗಿತ್ತು. ಒಲೆಯ ಮುಂದೆ ಚಹಾ ಕಾಯಿಸುತ್ತ ಅವ್ವ ತಾನಾಗಿಯೇ, ನಾನು ಹುಟ್ಟುವ ಮೊದಲೇ ಎರಡು ವರ್ಷದವನಾಗಿ ಜ್ವರದಲ್ಲಿ ತೀರಿಕೊಂಡ ನನ್ನ ಅಣ್ಣನ ಮಾತು ತೆಗೆದಳು. ನನಗೊಬ್ಬ ಅಣ್ಣನಿದ್ದನೆಂಬುದು ಅಂದೇ ನನಗೆ ತಿಳಿದದ್ದು.