ಸಂಘ ಕಟ್ಟಿದ್ದಕ್ಕೆ ತೆತ್ತ ಬೆಲೆ

ಬೆಂಗಳೂರಿನ ಬಸವನಗುಡಿಯ ವಿಶ್ವ ಸಂಸ್ಕೃತಿ ಸಂಸ್ಥೆಯನ್ನು ಬಲ್ಲವರು ಅನೇಕರು. 1945ರಲ್ಲಿ ಅದನ್ನು ಸ್ಥಾಪಿಸಿದ ಬಿ.ಪಿ. ವಾಡಿಯಾ ಭಾರತದ ಕಾರ್ಮಿಕ ಚಳವಳಿಯ ಆದ್ಯರಲ್ಲೊಬ್ಬರೆಂಬುದನ್ನು ಬಲ್ಲವರು ವಿರಳ.

1881ರಲ್ಲಿ ಮುಂಬಯಿಯ ಪಾರ್ಸಿ ಕುಟುಂಬದಲ್ಲಿ ಜನಿಸಿದ ವಾಡಿಯಾ, 1918ರಲ್ಲಿ ಮದರಾಸ್ ಲೇಬರ್ ಯೂನಿಯನ್ನಿನ ಅಧ್ಯಕ್ಷರಾದರು. ಊಟಕ್ಕೂ ಸಾಕಷ್ಟು ಬಿಡುವಿಲ್ಲದೆ ದುಡಿಯುತ್ತಿದ್ದ ಗಿರಣಿ ಕಾರ್ಮಿಕರ ಸಂಘಟನೆ ಅದು. 1920ರಲ್ಲಿ ವಿವಾದ ಬಿಗಡಾಯಿಸಿದಾಗ ಬಿನ್ನಿ ಕಂಪನಿಯು ಮದರಾಸ್ ಹೈಕೋರ್ಟಿನಲ್ಲಿ ಅವರ ವಿರುದ್ಧ ಪರಿಹಾರದ ದಾವೆ ಹೂಡಿ ತಡೆಯಾಜ್ಞೆ ಪಡೆಯಿತು. ಕಾರ್ಮಿಕ ಸಂಘಕ್ಕೆ ಆಗ ಕಾನೂನಿನ ಆಸರೆಯಿರಲಿಲ್ಲ. ರಾಜಿಯ ಷರತ್ತಿನಂತೆ ವಾಡಿಯಾ ತಾವೇ ಮುನ್ನಡೆಸಿದ ಸಂಘದಿಂದ ದೂರ ಸರಿದರು.

ಬಳಿಕ ಎನ್.ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಈ ಕೊರತೆಯನ್ನು ಮುಂದಿಟ್ಟರು. ನೋಂದಾಯಿತ ಸಂಘಗಳಿಗೆ ಇಂತಹ ದಾವೆಗಳಿಂದ ರಕ್ಷಣೆ ದೊರೆತದ್ದು 1926ರ ಕಾಯ್ದೆಯಿಂದ. ವಾಡಿಯಾ 1958ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಕಾನೂನಿನ ಕಾವಲಿಲ್ಲದ ಹಕ್ಕು ಉಳ್ಳವರ ಕೃಪೆಯಾಗಿಬಿಡುತ್ತದೆ. ಅವರ ಬದುಕು ಕಲಿಸುವ ಪಾಠವಿದು.