ಲೆಕ್ಕಕ್ಕೆ ಸಿಕ್ಕ ದೂರ, ಕಣ್ಣಿಗೆ ಸಿಗದ ದ್ವೀಪ

ಅಮೇಲಿಯಾ ಇಯರ್‌ಹಾರ್ಟ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಅವರ ಸಾಹಸ ಮತ್ತು ಕಣ್ಮರೆ. ಆಡಳಿತ ಸೇವೆಯಲ್ಲಿ ಯೋಜನಾ ಕಡತಗಳ ನಡುವೆ ಬಹುಕಾಲ ಕಳೆದ ನನ್ನನ್ನು ಕಾಡುವುದು ಅವರ ಇಂಧನ ನಿಲುಗಡೆಯ ಲೆಕ್ಕ.

1897ರ ಜುಲೈ 24ರಂದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಆಚಿಸನ್‌ನಲ್ಲಿ ಜನಿಸಿದ ಅವರು, ಬಾಸ್ಟನ್‌ನಲ್ಲಿ ಸಮಾಜಸೇವಕಿಯಾಗಿದ್ದಾಗ 1928ರಲ್ಲಿ ಅಟ್ಲಾಂಟಿಕ್ ಸಾಗರವನ್ನು ವಿಮಾನದಲ್ಲಿ ದಾಟಿದ ಮೊದಲ ಮಹಿಳೆಯಾದರು. ಆಗ ಅವರು ಪ್ರಯಾಣಿಕರಷ್ಟೇ. ಇಂಧನ ಮುಗಿಯುತ್ತ ಬಂದುದರಿಂದ ಆ ವಿಮಾನ ವೇಲ್ಸ್ ತೀರದಲ್ಲೇ ನೀರಿಗಿಳಿಯಿತು. 1932ರಲ್ಲಿ ಅದೇ ಸಾಗರವನ್ನು ಸುಮಾರು 15 ಗಂಟೆಗಳಲ್ಲಿ ಒಬ್ಬಂಟಿಯಾಗಿ ದಾಟಿದಾಗ ಗುರಿ ಪ್ಯಾರಿಸ್ ಆಗಿತ್ತು. ಇಳಿದದ್ದು ಉತ್ತರ ಐರ್ಲೆಂಡಿನ ಹುಲ್ಲುಗಾವಲಿನಲ್ಲಿ. ಖಂಡದ ಅಂಚು ಉದಾರವಾದುದು. ಗುರಿ ತಪ್ಪಿದರೂ ಕಾಲಿಗೆ ನೆಲ ಸಿಗುತ್ತದೆ.

1937ರ ಮಾರ್ಚ್‌ನಲ್ಲಿ ಭೂಪ್ರದಕ್ಷಿಣೆಯ ಮೊದಲ ಯತ್ನ ಹೊನೊಲುಲುವಿನಲ್ಲಿ ಅಪಘಾತದಿಂದ ನಿಂತಿತು. ಜೂನ್ 1ರಂದು ಮಯಾಮಿಯಿಂದ ಪೂರ್ವಾಭಿಮುಖವಾಗಿ ಮತ್ತೆ ಹೊರಟರು. ಜತೆಗೆ ನ್ಯಾವಿಗೇಟರ್ ಫ್ರೆಡ್ ನೂನನ್. ವಿಮಾನ ಎರಡು ಎಂಜಿನ್‌ಗಳ ಲಾಕ್‌ಹೀಡ್ ಎಲೆಕ್ಟ್ರಾ. ಡಕಾರ್‌ಗೆಂದು ಹೊರಟವರು ಸೇಂಟ್ ಲೂಯಿಯಲ್ಲಿ ಇಳಿದರು. ಆಫ್ರಿಕ ಮತ್ತೊಮ್ಮೆ ಕ್ಷಮಿಸಿತು. ಕರಾಚಿ, ಕಲ್ಕತ್ತ, ಸಿಂಗಪುರ, ಡಾರ್ವಿನ್ ದಾಟಿ ನ್ಯೂಗಿನಿಯ ಲೇ ತಲುಪುವ ಹೊತ್ತಿಗೆ ಕ್ರಮಿಸಿದ ದೂರ ಸುಮಾರು 35,000 ಕಿ.ಮೀ.

ಮುಂದಿನ ನಿಲುಗಡೆ 4,100 ಕಿ.ಮೀ. ದೂರದ ಹೌಲ್ಯಾಂಡ್ ದ್ವೀಪ. ಉದ್ದ ಎರಡೂವರೆ ಕಿ.ಮೀ. ಆಸುಪಾಸು, ಅಗಲ ಒಂದು ಕಿ.ಮೀ.ಗೂ ಕಡಿಮೆ, ಎತ್ತರ ಕೆಲವೇ ಮೀಟರ್. ಅಮೆರಿಕ ಸರ್ಕಾರ ಅಲ್ಲಿ ರನ್‌ವೇ ನಿರ್ಮಿಸಿತ್ತು, ಇಂಧನ ಸಂಗ್ರಹಿಸಿತ್ತು, ಇಟಾಸ್ಕಾ ಹಡಗನ್ನು ಕಾಯಲು ನಿಲ್ಲಿಸಿತ್ತು. ಜುಲೈ 2ರಂದು ಸುಮಾರು 4,160 ಲೀಟರ್ ಇಂಧನದೊಡನೆ ಎಲೆಕ್ಟ್ರಾ ಮೇಲೇರಿತು. ಕಾಗದದ ಮೇಲೆ ಯಾವ ಕೊರತೆಯೂ ಇರಲಿಲ್ಲ.

ಕೊರತೆಯಿದ್ದುದು ಬೇರೆಡೆ. ಸಮೀಪದಲ್ಲಿ ರನ್‌ವೇ ಇದ್ದ ಮತ್ತೊಂದು ದ್ವೀಪವಿರಲಿಲ್ಲ. ಸೂರ್ಯ, ನಕ್ಷತ್ರಗಳ ಗಣನೆಯಿಂದ ದ್ವೀಪದ ಹತ್ತಿರಕ್ಕೆ ಬರಬಹುದಿತ್ತು. ಕೊನೆಯ ಹಂತದ ದಾರಿಯನ್ನು ರೇಡಿಯೋ ತೋರಿಸಬೇಕಿತ್ತು. ಹಡಗಿಗೆ ಅವರ ಧ್ವನಿ ಸ್ಪಷ್ಟವಾಗಿ ಕೇಳಿಸಿತು. ಹಡಗಿನ ಮಾತು ಅವರಿಗೆ ಕೇಳಿಸಲಿಲ್ಲ. ಇಬ್ಬರಿಗೂ ಮೋರ್ಸ್ ಸಂಕೇತದಲ್ಲಿ ಪರಿಣತಿಯಿರಲಿಲ್ಲ. ಹಾರಾಟದ 20 ಗಂಟೆಗಳ ಬಳಿಕ ಸಂಪರ್ಕ ಕಡಿಯಿತು. ವಿಸ್ತಾರವಾದ ಶೋಧ ಜುಲೈ 19ರಂದು ನಿಂತಿತು. 1939ರ ಜನವರಿಯಲ್ಲಿ ನ್ಯಾಯಾಲಯ ಅವರನ್ನು ಮೃತರೆಂದು ಘೋಷಿಸಿತು.

ಇಂದು ಪುಟ್ಟ ಜೆಟ್‌ನಲ್ಲಿ ಕ್ಯಾಲಿಫೋರ್ನಿಯದಿಂದ ಹವಾಯಿಗೆ ಹಾರುವವರಿಗೂ ನಡುವೆ ನಿಲ್ದಾಣವಿಲ್ಲ. ಎದುರುಗಾಳಿ ಬೀಸಿದರೆ, ಎಂಜಿನ್ ಕೆಟ್ಟರೆ ಯಾವ ಬಿಂದುವಿನವರೆಗೆ ಹಿಂದಿರುಗಬಹುದು ಎಂಬುದನ್ನು ಅವರು ಹೊರಡುವ ಮೊದಲೇ ಗುರುತಿಸಿಕೊಳ್ಳುತ್ತಾರೆ. ಉಗ್ರಾಣದಲ್ಲಿ ಧಾನ್ಯವಿದೆಯೆಂದು ಬರೆದ ಕಡತಗಳನ್ನು ನಾನು ಬಹಳ ಕಂಡಿದ್ದೇನೆ. ಹಸಿದವನು ಅಲ್ಲಿಗೆ ತಲುಪುವ ದಾರಿಯನ್ನು ಬರೆದವು ವಿರಳ. ಹೌಲ್ಯಾಂಡ್‌ನಲ್ಲಿಯೂ ಇಂಧನವಿತ್ತು.