ಅಕ್ಷರ ಕೊಟ್ಟ ಅಪ್ಪ, ಓದಿ ತೋರಿಸಿದ ಮಗಳು

ಶಾಲೆಯ ಮೆಟ್ಟಿಲು ಹತ್ತದ, ಇಂಗ್ಲಿಷ್ ಓದಲು ಬಾರದ ವ್ಯಕ್ತಿಯೊಬ್ಬರು ತಮ್ಮ ಜನಾಂಗಕ್ಕೆ ಲಿಪಿಯನ್ನೇ ಕೊಟ್ಟರೆಂದರೆ ನಮಗೆ ಅಚ್ಚರಿಯಾಗುತ್ತದೆ. ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನಾಂಗದ ಸೆಕ್ವೋಯಾ ಅಂತಹ ಅಪರೂಪದ ವ್ಯಕ್ತಿ.

ಹದಿನೆಂಟನೇ ಶತಮಾನದ ಉತ್ತರಾರ್ಧದಲ್ಲಿ ಇಂದಿನ ಟೆನೆಸಿ ರಾಜ್ಯದಲ್ಲಿ ಜನಿಸಿದ ಅವರು ತಾಯಿಯ ಆಸರೆಯಲ್ಲಿ ಬೆಳೆದರು. ಒಂದು ಕಾಲು ಊನವಾಗಿತ್ತು. ಬೆಳ್ಳಿ ಕೆಲಸ ಅವರ ಕಸುಬು. ಬಿಳಿಯರು ಕಾಗದದ ಮೂಲಕ ಸುದ್ದಿ ತಿಳಿಸುವುದನ್ನು ಕಂಡ ಅವರು, ತಮ್ಮ ಭಾಷೆಗೂ ಇದು ಸಾಧ್ಯವೆಂದು 1809ರ ಸುಮಾರಿಗೆ ಕೆಲಸಕ್ಕೆ ತೊಡಗಿದರು. ಮೊದಲು ಒಂದೊಂದು ಶಬ್ದಕ್ಕೆ ಒಂದೊಂದು ಗುರುತು ಮಾಡಿದರು. ಅಷ್ಟೊಂದು ಗುರುತುಗಳನ್ನು ಯಾರೂ ನೆನಪಿಡಲಾರರೆಂದು ಅರಿತು ಅದನ್ನು ಕೈಬಿಟ್ಟರು. ಬಳಿಕ ಮಾತನ್ನು ಉಚ್ಚಾರದ ತುಣುಕುಗಳಾಗಿ ಬಿಡಿಸಿದರು. ನಮ್ಮ ಕಾಗುಣಿತದ ಕ, ಕಾ, ಕಿ ಇದ್ದಂತೆ ಒಂದೊಂದು ತುಣುಕಿಗೂ ಒಂದೊಂದು ಅಕ್ಷರ. 1821ರ ವೇಳೆಗೆ ಲಿಪಿ ಸಿದ್ಧವಾಯಿತು. ಇಂದು ಅದರಲ್ಲಿ 85 ಅಕ್ಷರಗಳಿವೆ.

ಆದರೆ ಊರವರು ನಂಬಲಿಲ್ಲ. ಇದು ಹುಚ್ಚೆಂದು ನಕ್ಕವರಿದ್ದರು, ಮಾಟವೆಂದು ಹೆದರಿದವರೂ ಇದ್ದರು. ಮಾಟದ ಆರೋಪ ಅಲ್ಲಿ ಪ್ರಾಣಕ್ಕೇ ಕುತ್ತು ತರುವಂಥದು. ಆಗ ಅವರ ಮಾನ ಉಳಿಸಿದವಳು ಸುಮಾರು ಆರು ವರ್ಷದ ಮಗಳು ಅಯೋಕಾ. ಅವಳನ್ನು ದೂರ ಕಳುಹಿಸಿ, ಹಿರಿಯರು ಹೇಳಿದ್ದನ್ನು ಸೆಕ್ವೋಯಾ ಬರೆದುಕೊಂಡರು. ಹಿಂತಿರುಗಿ ಬಂದ ಮಗು ಅದನ್ನು ಓದಿ ಹೇಳಿತು. ಅದು ಅವಳು ದಿನವೂ ಆಡುವ ಭಾಷೆ. ಕಲಿಯಬೇಕಾಗಿದ್ದುದು ಅಕ್ಷರ ಮಾತ್ರ.

ಊರಿನ ಕೆಲಸಕ್ಕೆ ಎಲ್ಲರೂ ಕೈಜೋಡಿಸುವುದು ಚೆರೋಕಿಯರ ಹಳೆಯ ಪದ್ಧತಿ. ಅದನ್ನು ಗಡೂಗಿ ಎನ್ನುತ್ತಾರೆ. ಅಕ್ಷರವೂ ಹಾಗೆಯೇ, ಶಾಲೆಗಳಿಗೆ ಕಾಯದೆ, ಕಲಿತವರಿಂದ ಕಲಿಯದವರಿಗೆ ಹಬ್ಬಿತು. 1825ರಲ್ಲಿ ಚೆರೋಕಿ ರಾಷ್ಟ್ರ ಈ ಲಿಪಿಯನ್ನು ಅಂಗೀಕರಿಸಿತು. 1828ರಲ್ಲಿ ಚೆರೋಕಿ ಫೀನಿಕ್ಸ್ ಪತ್ರಿಕೆ ಹೊರಬಂದಿತು.

1838-39ರಲ್ಲಿ ಸರಕಾರ ಚೆರೋಕಿಯರನ್ನು ಅವರ ನೆಲದಿಂದ ಪಶ್ಚಿಮಕ್ಕೆ ಅಟ್ಟಿತು. ದಾರಿಯಲ್ಲಿ ಸಾವಿರಾರು ಮಂದಿ ಸತ್ತರು. ಮನೆ, ಹೊಲ ಕಳೆದುಕೊಂಡವರ ಬಳಿ ಅಕ್ಷರ ಮಾತ್ರ ಉಳಿಯಿತು. ಮೆಕ್ಸಿಕೋಗೆ ಹೋಗಿ ನೆಲೆಸಿದ್ದ ತಮ್ಮವರನ್ನು ಹುಡುಕುತ್ತಾ ಹೊರಟ ಸೆಕ್ವೋಯಾ 1843ರಲ್ಲಿ ಅಲ್ಲಿಯೇ ತೀರಿಕೊಂಡರು.

ಇಂದು ಓಕ್ಲಹೋಮಾದ ತಾಲೆಕ್ವಾದಲ್ಲಿ ಚೆರೋಕಿ ಮಾಧ್ಯಮದ ಶಾಲೆಯಿದೆ. ಅಲ್ಲಿನ ಮಕ್ಕಳು ಇದೇ ಅಕ್ಷರಗಳಲ್ಲಿ ಓದುತ್ತಾರೆ. ಮಕ್ಕಳು ಓದುವುದಿಲ್ಲವೆಂದು ದೂರುವ ನಾವು, ಮನೆಯ ಮಾತಿನಲ್ಲಿ ಅವರಿಗೆ ಓದಲು ಏನು ಕೊಟ್ಟಿದ್ದೇವೆಂದು ಒಮ್ಮೆ ಕೇಳಿಕೊಳ್ಳೋಣ. ಸೆಕ್ವೋಯಾ ತಮ್ಮ ಮಗಳಿಗೆ ಕೊಟ್ಟದ್ದು ಅದನ್ನೇ.